ಬುದ್ಧನನ್ನು ಹುಡುಕಿದವರು, ಬೌದ್ಧರನ್ನು ಕಾಣದವರು

ಕೆಲವು ವರ್ಷಗಳ ಹಿಂದೆ ಗೆಳೆಯರೊಬ್ಬರ ಜೊತೆ ಬೈಲಕುಪ್ಪೆಗೆ ಹೋಗಿದ್ದೆ. 1959ರ ನಂತರ ಟಿಬೆಟ್ ತೊರೆದು ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡು ಜಾಗ ಇಂದು ಮಠ, ಶಾಲೆ, ಜೋಳದ ಹೊಲಗಳ ಊರಾಗಿದೆ. ಚಿನ್ನದ ಬಣ್ಣದ ಬೃಹತ್ ಮೂರ್ತಿಗಳಿರುವ ಮಂದಿರದ ಹೊರಗೆ ಒಬ್ಬ ವೃದ್ಧೆ ಒಂದು ಕೈಯಲ್ಲಿ ಪ್ರಾರ್ಥನಾ ಚಕ್ರ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಜಪಮಾಲೆ ಎಣಿಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಒಂದು ಸುತ್ತು ಮುಗಿದಾಗ ನೆಲಕ್ಕೆ ಹಣೆ ಹಚ್ಚಿ ಎದ್ದು ಮತ್ತೆ ಹೊರಡುತ್ತಿದ್ದರು.

ನನ್ನ ಗೆಳೆಯರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು. ಸ್ವಲ್ಪ ಹೊತ್ತು ನೋಡಿ, "ಬುದ್ಧ ಬೇಡ ಅಂದದ್ದನ್ನೆಲ್ಲ ಇವರು ಮಾಡ್ತಿದ್ದಾರಲ್ರೀ! ಇದು ನಿಜವಾದ ಬೌದ್ಧ ಧರ್ಮವೇ ಅಲ್ಲ" ಎಂದರು. ನಾನೂ ತಲೆಯಾಡಿಸಿದೆ.

ಬಸ್ಸಿನಲ್ಲಿ ಮರಳುವಾಗ ಆ ಮಾತು ನನ್ನನ್ನು ಕೊರೆಯತೊಡಗಿತು. ನಮ್ಮಿಬ್ಬರಿಗೂ ಟಿಬೆಟನ್ ಭಾಷೆಯ ಒಂದಕ್ಷರ ಗೊತ್ತಿಲ್ಲ. ಪಾಲಿಯೂ ಬಾರದು. ಅಲ್ಲಿದ್ದ ಒಬ್ಬ ಭಿಕ್ಷುವಿನೊಂದಿಗೂ ನಾವು ಹತ್ತು ನಿಮಿಷ ಕುಳಿತು ಮಾತಾಡಿರಲಿಲ್ಲ. ಎಪ್ಪತ್ತು ಎಂಬತ್ತು ವರ್ಷ ಒಂದು ಧರ್ಮವನ್ನು ಬದುಕಿದ, ಅದಕ್ಕಾಗಿ ದೇಶವನ್ನೇ ಬಿಟ್ಟು ಬಂದ ಹೆಂಗಸಿಗಿಂತ ಆ ಧರ್ಮ ನಮಗೆ ಚೆನ್ನಾಗಿ ಗೊತ್ತು ಎಂಬ ಧೈರ್ಯ ನಮಗೆ ಎಲ್ಲಿಂದ ಬಂತು?

ಉತ್ತರ ಕಷ್ಟದ್ದೇನಲ್ಲ. ಅದು ಬಂದದ್ದು ಪಠ್ಯಪುಸ್ತಕದಿಂದ. ಪೂಜೆ ಪುರಸ್ಕಾರಗಳನ್ನು ತಿರಸ್ಕರಿಸಿದ, ಪುರೋಹಿತಶಾಹಿಯನ್ನು ಎದುರಿಸಿದ, ವಿಚಾರವಾದಿಯೂ ಸುಧಾರಕನೂ ಆದ ಬುದ್ಧನನ್ನು ನಾವೆಲ್ಲ ಅಲ್ಲಿ ಓದಿದ್ದೇವೆ. ಆ ಚಿತ್ರ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದರ ಬಹುಭಾಗ ಸಿದ್ಧವಾದದ್ದು 19ನೇ ಶತಮಾನದಲ್ಲಿ, ಪ್ಯಾರಿಸ್, ಲಂಡನ್, ಬರ್ಲಿನ್‌ಗಳ ಓದುಕೋಣೆಗಳಲ್ಲಿ. ಅದು ಹೇಗೆ ಸಿದ್ಧವಾಯಿತು ಎಂಬುದರಲ್ಲಿ ಒಂದು ನೈತಿಕ ಪ್ರಶ್ನೆ ಅಡಗಿದೆ. ಇನ್ನೊಬ್ಬರ ಧರ್ಮವನ್ನು ಅಧ್ಯಯನ ಮಾಡುವವನ ಹಕ್ಕು ಎಲ್ಲಿಯವರೆಗೆ? ಅವನ ಹೊಣೆ ಎಲ್ಲಿಂದ ಆರಂಭ?

ತೀರಿಸಲಾಗದ ಋಣ

ಮೊದಲು ಋಣವನ್ನು ಒಪ್ಪಿಕೊಳ್ಳೋಣ. 18ನೇ ಶತಮಾನದ ಕೊನೆಗೆ ಬುದ್ಧ ತಾನು ನಡೆದಾಡಿದ ನೆಲದಲ್ಲೇ ಹೆಚ್ಚುಕಡಿಮೆ ಮರೆತುಹೋಗಿದ್ದ. 1794ರಲ್ಲಿ ಕಾಶಿಯ ಜಗತ್ ಸಿಂಗ್ ಎಂಬವರ ಆಳುಗಳು ಸಾರಾನಾಥದ ಸ್ತೂಪವೊಂದನ್ನು ಇಟ್ಟಿಗೆಗಾಗಿ ಅಗೆದರು. ಒಳಗೆ ಸಿಕ್ಕ ಅಸ್ಥಿಯ ತುಣುಕುಗಳನ್ನು ಗಂಗೆಗೆ ಬಿಡಲಾಯಿತು. ಅವರಲ್ಲಿ ದ್ವೇಷವೇನೂ ಇರಲಿಲ್ಲ. ಅದು ಏನೆಂದು ಹೇಳುವವರು ಅಲ್ಲಿ ಯಾರೂ ಉಳಿದಿರಲಿಲ್ಲ, ಅಷ್ಟೆ.

ಇಂಥ ಕಾಲದಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಯಾರಿಗೂ ಓದಲಾಗದ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಓದಿದರು. ಹಗಲಿರುಳು ದುಡಿದು ಆರೋಗ್ಯ ಕೆಡಿಸಿಕೊಂಡ ಅವರು 1840ರಲ್ಲಿ ನಲವತ್ತರ ವಯಸ್ಸಿನಲ್ಲೇ ತೀರಿಕೊಂಡರು. ಹಂಗೇರಿಯ ಚೋಮ ಡಿ ಕೊರೋಸ್ ಲಡಾಖಿನ ಮಠಗಳ ಕೊರೆವ ಚಳಿಯಲ್ಲಿ ಲಾಮಾಗಳ ಬಳಿ ಕುಳಿತು ಟಿಬೆಟನ್ ಕಲಿತು 1834ರಲ್ಲಿ ಆ ಭಾಷೆಯ ನಿಘಂಟನ್ನೂ ವ್ಯಾಕರಣವನ್ನೂ ಪ್ರಕಟಿಸಿದರು. ಅಲೆಗ್ಸಾಂಡರ್ ಕನ್ನಿಂಗ್‌ಹ್ಯಾಮ್ ಚೀನೀ ಯಾತ್ರಿಕರಾದ ಫಾಹಿಯಾನ್ ಮತ್ತು ಹ್ಯುಯೆನ್‌ತ್ಸಾಂಗರ ಪ್ರವಾಸ ಕಥನಗಳನ್ನು ಕೈಯಲ್ಲಿ ಹಿಡಿದು ಶ್ರಾವಸ್ತಿ, ನಾಲಂದಾಗಳ ಗುರುತು ಹಿಡಿದರು. ನೇಪಾಳದಲ್ಲಿದ್ದ ಬ್ರಯನ್ ಹಾಜ್ಸನ್ ಸಂಸ್ಕೃತದ ಬೌದ್ಧ ಹಸ್ತಪ್ರತಿಗಳನ್ನು ಸಂಗ್ರಹಿಸಿ ಕಲ್ಕತ್ತೆ, ಲಂಡನ್, ಪ್ಯಾರಿಸ್‌ಗಳಿಗೆ ಕಳುಹಿಸಿದರು. ಪ್ಯಾರಿಸ್‌ನ ಯೂಜೀನ್ ಬರ್ನೂಫ್ ಅವುಗಳನ್ನು ಓದಿ 1844ರಲ್ಲಿ ಭಾರತೀಯ ಬೌದ್ಧ ಧರ್ಮದ ಇತಿಹಾಸಕ್ಕೆ ಪ್ರವೇಶಿಕೆಯಾಗಿ ಒಂದು ಹೆಬ್ಬೊತ್ತಗೆ ಬರೆದರು. ಬುದ್ಧ ಭಾರತದಲ್ಲಿ ಹುಟ್ಟಿ ಬಾಳಿದ ಮನುಷ್ಯ, ಅವನ ಧರ್ಮವನ್ನು ಅರಿಯಬೇಕಾದರೆ ಭಾರತದ ಮೂಲ ಗ್ರಂಥಗಳಿಂದಲೇ ಅರಿಯಬೇಕು ಎಂಬ ದಾರಿ ಅಲ್ಲಿಂದ ಗಟ್ಟಿಯಾಯಿತು.

ಇವರ ದುಡಿಮೆ ಇಲ್ಲದಿದ್ದರೆ ನಮ್ಮ ಧ್ವಜದ ನಡುವೆ ಅಶೋಕ ಚಕ್ರ ಇರುತ್ತಿತ್ತೇ? ನಮ್ಮ ಮಕ್ಕಳು ಅಶೋಕನ ಹೆಸರು ಕೇಳುತ್ತಿದ್ದರೇ? ವಸಾಹತುಶಾಹಿಯ ಮೇಲಿನ ಸಿಟ್ಟಿನಲ್ಲಿ ಈ ಋಣವನ್ನು ಅಲ್ಲಗಳೆಯುವುದು ಕೃತಘ್ನತೆಯಾಗುತ್ತದೆ.

ಕಪಾಟಿನೊಳಗಿನ ಧರ್ಮ

ಆದರೆ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಬರ್ನೂಫ್ ತಮ್ಮ ಜೀವಮಾನದಲ್ಲಿ ಏಷ್ಯಾಕ್ಕೆ ಕಾಲಿಡಲಿಲ್ಲ. ಪೂರ್ವದ ಪವಿತ್ರ ಗ್ರಂಥಗಳನ್ನು ಐವತ್ತು ಸಂಪುಟಗಳಲ್ಲಿ ಸಂಪಾದಿಸಿದ ಮ್ಯಾಕ್ಸ್ ಮುಲ್ಲರ್ ಕೂಡ ಭಾರತವನ್ನು ಕಂಡವರಲ್ಲ. ಹಸ್ತಪ್ರತಿ ಕೈಗೆ ಬಂದ ಮೇಲೆ ಅದನ್ನು ಕಾಪಾಡಿಕೊಂಡು ಬಂದವರ ಅಗತ್ಯ ತೀರಿತು ಎಂಬಂತಾಯಿತು. 1988ರಲ್ಲಿ ಫಿಲಿಪ್ ಆಲ್ಮಂಡ್ ಎಂಬ ವಿದ್ವಾಂಸರು ಬ್ರಿಟಿಷರು ಬೌದ್ಧ ಧರ್ಮವನ್ನು 'ಕಂಡುಹಿಡಿದ' ಬಗೆಯ ಕುರಿತು ಬರೆದ ಪುಸ್ತಕದಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. 19ನೇ ಶತಮಾನದ ಮಧ್ಯದ ಹೊತ್ತಿಗೆ ಬೌದ್ಧ ಧರ್ಮದ ವಿಳಾಸವೇ ಬದಲಾಗಿತ್ತು. ಅದು ಸಿಲೋನ್, ಬರ್ಮಾ, ಟಿಬೆಟ್‌ಗಳ ಜನರ ನಡುವೆ ಇರುವ ವಸ್ತುವಾಗಿರದೆ ಯುರೋಪಿನ ಗ್ರಂಥಾಲಯಗಳ ಕಪಾಟಿನಲ್ಲಿರುವ ವಸ್ತುವಾಯಿತು. ಕಪಾಟಿನಲ್ಲಿದ್ದದ್ದು ಶುದ್ಧ, ಊರಿನಲ್ಲಿದ್ದದ್ದು ಅದರ ಕೆಟ್ಟುಹೋದ ರೂಪ.

ಶುದ್ಧ ಯಾವುದು ಎಂದು ನಿರ್ಧರಿಸಲು ಅವರ ಬಳಿ ಒಂದು ಅಳತೆಗೋಲು ಮೊದಲೇ ಇತ್ತು. ಯುರೋಪಿನ ಪ್ರಾಟೆಸ್ಟೆಂಟರ ದೃಷ್ಟಿಯಲ್ಲಿ ಧರ್ಮ ಎಂದರೆ ಮೊದಲಿಗೆ ಗ್ರಂಥ ಮತ್ತು ಅಂತರಂಗದ ನಂಬಿಕೆ. ಪುರೋಹಿತರು, ಮೂರ್ತಿ, ಅವಶೇಷಗಳ ಪೂಜೆ, ಮೆರವಣಿಗೆ ಇವೆಲ್ಲ ರೋಮನ್ ಚರ್ಚಿನ ಅಧಃಪತನದ ಗುರುತುಗಳು. ಇದೇ ಕಥೆಯನ್ನು ಅವರು ಭಾರತದಲ್ಲೂ ಕಂಡರು. ಬ್ರಾಹ್ಮಣರು ಪೋಪನ ಕಡೆಯವರಾದರು, ಬುದ್ಧ ಏಷ್ಯಾದ ಲೂಥರನಾದ. 1869ರಲ್ಲಿ ಅಮೆರಿಕದ ಜೇಮ್ಸ್ ಫ್ರೀಮನ್ ಕ್ಲಾರ್ಕ್ ಬೌದ್ಧ ಧರ್ಮವನ್ನು ಪೂರ್ವದ ಪ್ರಾಟೆಸ್ಟೆಂಟ್ ಧರ್ಮವೆಂದೇ ಕರೆದರು. ಕನ್ನಿಂಗ್‌ಹ್ಯಾಮ್‌ರಂಥ ದೊಡ್ಡ ಸಂಶೋಧಕರು ಕೂಡ 1843ರ ಒಂದು ಪತ್ರದಲ್ಲಿ ಬೌದ್ಧ ಅವಶೇಷಗಳ ಶೋಧ ಸರಕಾರಕ್ಕೆ ರಾಜಕೀಯವಾಗಿಯೂ ಬ್ರಿಟಿಷ್ ಜನತೆಗೆ ಧಾರ್ಮಿಕವಾಗಿಯೂ ಉಪಯುಕ್ತ ಎಂದು ವಾದಿಸಿದ್ದರು. ಬ್ರಾಹ್ಮಣ ಧರ್ಮ ಅನಾದಿಯಲ್ಲ, ಬದಲಾಗುತ್ತ ಬಂದದ್ದು ಎಂದು ತೋರಿಸಿದರೆ ಕ್ರೈಸ್ತ ಧರ್ಮಕ್ಕೆ ದಾರಿ ಸುಗಮ ಎಂಬುದು ಅವರ ಲೆಕ್ಕ. ಸಿಲೋನಿನಲ್ಲಿದ್ದ ವೆಸ್ಲಿಯನ್ ಮಿಷನರಿ ಸ್ಪೆನ್ಸ್ ಹಾರ್ಡಿ 1853ರಲ್ಲಿ ಬೌದ್ಧ ಧರ್ಮದ ಕೈಪಿಡಿ ಬರೆದದ್ದು ಮುಖ್ಯವಾಗಿ ಇತರ ಮಿಷನರಿಗಳಿಗೆ ನೆರವಾಗಲೆಂದು.

ಗ್ರಂಥದಿಂದ ಮಾತ್ರ ಮನುಷ್ಯನನ್ನು ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ವಿಚಿತ್ರ ಉದಾಹರಣೆಯಿದೆ. 1875ರಲ್ಲಿ ಫ್ರಾನ್ಸಿನ ಎಮಿಲ್ ಸೆನಾರ್ ಬುದ್ಧನ ಜೀವನಕಥೆಯಲ್ಲಿ ಸೂರ್ಯನ ಪುರಾಣವನ್ನು ಕಂಡರು. ಕಥೆಯಲ್ಲಿನ ಹುಟ್ಟು, ಮಾರನೊಂದಿಗಿನ ಹೋರಾಟ, ಧರ್ಮಚಕ್ರ ಎಲ್ಲವೂ ಸೂರ್ಯನ ಸಂಕೇತಗಳಾದವು. 1881ರಲ್ಲಿ ಬರ್ಲಿನ್‌ನಲ್ಲಿ ಹೊರಬಂದ ಪುಸ್ತಕದಲ್ಲಿ ಹರ್ಮನ್ ಓಲ್ಡನ್‌ಬರ್ಗ್ ಪಾಲಿ ಗ್ರಂಥಗಳನ್ನು ಆಧರಿಸಿ ಬುದ್ಧನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದರು. ಹೀಗೆ ಕೋಟ್ಯಂತರ ಜನರ ಗುರು ಆರು ವರ್ಷಗಳ ಅವಧಿಯಲ್ಲಿ ಯುರೋಪಿನಲ್ಲಿ ಸೂರ್ಯನಾಗಿ ಮತ್ತೆ ಮನುಷ್ಯನಾದ. ಆ ಕೋಟ್ಯಂತರ ಜನರಿಗೆ ಇದರ ಸುದ್ದಿಯೂ ಇರಲಿಲ್ಲ.

ಇಷ್ಟಕ್ಕೂ ಈ ವಿದ್ವಾಂಸರು ಒಂಟಿಯಾಗಿ ಏನನ್ನೂ ಸಾಧಿಸಿರಲಿಲ್ಲ. ಹಾಜ್ಸನ್‌ಗೆ ಹೇಳಿಕೊಟ್ಟವರು ಪಾಟನ್ನಿನ ನೇವಾರ ಪಂಡಿತ ಅಮೃತಾನಂದ. 1881ರಲ್ಲಿ ಪಾಲಿ ಟೆಕ್ಸ್ಟ್ ಸೊಸೈಟಿ ಸ್ಥಾಪಿಸಿದ ರೀಸ್ ಡೇವಿಡ್ಸ್ ಸಿಲೋನಿನಲ್ಲಿ ಸರಕಾರಿ ಅಧಿಕಾರಿಯಾಗಿದ್ದಾಗ ಯಾತ್ರಾಮುಲ್ಲೆ ಎಂಬ ವೃದ್ಧ ಭಿಕ್ಷುವಿನಿಂದ ಪಾಲಿ ಕಲಿತರು. ಚೈಲ್ಡರ್ಸ್‌ರ ಪಾಲಿ ನಿಘಂಟಿನ ಹಿಂದೆ ವಸ್ಕಡುವ ಸುಭೂತಿ ಭಿಕ್ಷುವಿನ ನೆರವಿತ್ತು. ರೀಸ್ ಡೇವಿಡ್ಸ್ ತಮ್ಮ ಗುರುವನ್ನು ಗೌರವದಿಂದ ನೆನೆದಿದ್ದಾರೆ, ಅದು ಅವರ ದೊಡ್ಡತನ. ಆದರೆ ಪುಸ್ತಕಗಳ ಮುಖಪುಟದಲ್ಲಿ ಇವರ ಹೆಸರುಗಳಿಲ್ಲ. ಇವರೆಲ್ಲ ಮಾಹಿತಿ ಕೊಟ್ಟವರಾಗಿ ಉಳಿದರು, ತಿಳಿದವರು ಎನಿಸಿಕೊಳ್ಳಲಿಲ್ಲ.

ಮಸ್ಕಿಯ ಬಂಡೆ ಹೇಳಿದ್ದು

ಈ ವಿಷಯದಲ್ಲಿ ನಮ್ಮ ರಾಯಚೂರು ಜಿಲ್ಲೆಯ ಒಂದು ಬಂಡೆಗೂ ಪಾತ್ರವಿದೆ. ಪ್ರಿನ್ಸೆಪ್ ಲಿಪಿ ಓದಿದರೇನೋ ನಿಜ, ಆದರೆ ಶಾಸನಗಳಲ್ಲಿ ಬರುವ 'ದೇವಾನಂಪಿಯ ಪಿಯದಸಿ' ಯಾರೆಂದು ಅವರಿಗೆ ತಿಳಿಯಲಿಲ್ಲ. ಅದಕ್ಕೆ ಉತ್ತರ ಕೊಟ್ಟವರು ಸಿಲೋನಿನಲ್ಲಿದ್ದ ಜಾರ್ಜ್ ಟರ್ನರ್. ಅಲ್ಲಿನ ಭಿಕ್ಷುಗಳು ತಾಳೆಗರಿಗಳಲ್ಲಿ ಪ್ರತಿಯ ಮೇಲೆ ಪ್ರತಿ ಮಾಡಿಕೊಂಡು ಬಂದಿದ್ದ ದೀಪವಂಸದಲ್ಲಿ ಪಿಯದಸಿ ಎಂದರೆ ಅಶೋಕನೇ ಎಂಬ ಉಲ್ಲೇಖವನ್ನು ಅವರು ಅದೇ 1837ರಲ್ಲಿ ಕಂಡರು. ಆದರೂ ಸಿಲೋನಿನ ಭಿಕ್ಷುಗಳ ಮಾತನ್ನು ಎಷ್ಟು ನಂಬಬೇಕು ಎಂಬ ಅನುಮಾನ ಯುರೋಪಿನ ವಿದ್ವಾಂಸರಲ್ಲಿ ಉಳಿದೇ ಇತ್ತು. ಆ ಭಿಕ್ಷುಗಳಿಗೆ ಸಲ್ಲದ ಮನ್ನಣೆ ಸಂದಿದೆ ಎಂಬುದು ಅಶೋಕನ ಬಗ್ಗೆ ಪುಸ್ತಕ ಬರೆದ ವಿನ್ಸೆಂಟ್ ಸ್ಮಿತ್‌ರ ದೂರಾಗಿತ್ತು.

1915ರಲ್ಲಿ, ಅಂದು ನಿಜಾಮರ ಹೈದರಾಬಾದಿಗೆ ಸೇರಿದ್ದ ಮಸ್ಕಿಯಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಅದೇ ವರ್ಷ ನಿಜಾಮ ಸರಕಾರದ ಪುರಾತತ್ವ ಇಲಾಖೆಯ ಪ್ರಕಟಣೆಯಲ್ಲಿ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಕೊಟ್ಟರು. ಅಲ್ಲಿ 'ದೇವಾನಂಪಿಯ'ದ ಜೊತೆಗೇ 'ಅಶೋಕ' ಎಂಬ ಹೆಸರಿತ್ತು. ತಾಳೆಗರಿ ಹೇಳಿದ್ದನ್ನು 78 ವರ್ಷಗಳ ಬಳಿಕ ಕಲ್ಲು ಒಪ್ಪಿತು. ಅದಕ್ಕೂ ಮೊದಲು ಎರಡು ಸಾವಿರ ವರ್ಷ ಆ ನೆನಪನ್ನು ಕಾಯ್ದವರು ಯಾರು ಎಂದು ಮಾತ್ರ ಹೆಚ್ಚಿನವರು ಕೇಳಲಿಲ್ಲ.

ಶುದ್ಧ ಮೂಲದ ಕಲ್ಪನೆಯನ್ನು ಮುಂದೆ ಪ್ರಶ್ನಿಸಿದವರಲ್ಲಿ ಪಾಶ್ಚಾತ್ಯ ವಿದ್ವಾಂಸರೂ ಇದ್ದಾರೆ. ಅಮೆರಿಕದ ಗ್ರೆಗರಿ ಶೋಪೆನ್ 1991ರ ಒಂದು ಪ್ರಸಿದ್ಧ ಲೇಖನದಲ್ಲಿ, ನಮ್ಮವರು ಪ್ರಾಟೆಸ್ಟೆಂಟ್ ಕನ್ನಡಕ ಹಾಕಿಕೊಂಡು ಬೌದ್ಧ ಇತಿಹಾಸ ಬರೆದರು ಎಂದು ನೇರವಾಗಿ ಹೇಳಿದರು. ಸಾಂಚಿ, ಭಾರಹೂತಗಳ ಹಳೆಯ ಶಾಸನಗಳನ್ನು ಓದಿದರೆ ಸ್ತೂಪಕ್ಕೆ ದಾನ ಕೊಟ್ಟವರಲ್ಲಿ ಭಿಕ್ಷು ಭಿಕ್ಷುಣಿಯರೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವಶೇಷ, ಸ್ತೂಪಗಳ ಆರಾಧನೆ ಅರಿಯದ ಜನರು ನಂತರ ಸೇರಿಸಿದ ಕೊಳೆಯಲ್ಲ, ನಮಗೆ ತಲುಪಬಹುದಾದ ಅತಿ ಹಳೆಯ ಪದರದಲ್ಲೇ ಅದು ಇದೆ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದು ತೆಗೆದ ಮಹಾಸ್ತೂಪದಲ್ಲೂ ದಾನಿಗಳ ಹೆಸರಿರುವ ಶಾಸನಗಳು ಹೇರಳವಾಗಿವೆ. 'ರಾಯ ಅಸೋಕೋ' ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪ ಅಲ್ಲೇ ಸಿಕ್ಕಿದೆ.

ಹಾಗಾದರೆ ಬೈಲಕುಪ್ಪೆಯ ಆ ವೃದ್ಧೆಯ ಪ್ರದಕ್ಷಿಣೆ ಇತ್ತೀಚಿನ ಕಲಬೆರಕೆಯಲ್ಲ. ಭೀಮಾ ತೀರದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಅದೇ ಭಕ್ತಿಯಿಂದ ಸ್ತೂಪವನ್ನು ಸುತ್ತಿದವರಿದ್ದರು.

ನಮ್ಮದೇ ಕನ್ನಡಿ

ಪಾಶ್ಚಾತ್ಯರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿದರೆ ನ್ಯಾಯವಾಗುವುದಿಲ್ಲ. ಪಾರ್ಸಿಯಲ್ಲಿ, ಅಲ್ಲಿಂದ ಬಂದು ಉರ್ದುವಿನಲ್ಲಿ, ವಿಗ್ರಹಕ್ಕೆ 'ಬುತ್' ಎನ್ನುತ್ತಾರೆ. ಈ ಪದ ಬುದ್ಧ ಎಂಬ ಹೆಸರಿನಿಂದಲೇ ಹುಟ್ಟಿದ್ದೆಂದು ಭಾಷಾ ವಿದ್ವಾಂಸರು ಹೇಳುತ್ತಾರೆ. ಮಧ್ಯ ಏಷ್ಯಾದಲ್ಲಿ ಬುದ್ಧನ ಮೂರ್ತಿಗಳನ್ನು ಕಂಡವರು ಆ ಮೂರ್ತಿ ಯಾರದು, ಆತ ಏನು ಹೇಳಿದ ಎಂದು ಕೇಳುವ ಮೊದಲೇ ಅವನ ಹೆಸರನ್ನು ಕಲ್ಲಿನ ಹೆಸರಾಗಿಸಿದರು. ಒಬ್ಬ ಗುರುವಿನ ಹೆಸರು ಹೀಗೆ ನಿಘಂಟಿನಲ್ಲಿ ಕಳೆದುಹೋಯಿತು.

ಆದರೆ ಅದೇ ಸಂಸ್ಕೃತಿಯಲ್ಲಿ ಬೇರೊಂದು ಮಾದರಿಯೂ ಇತ್ತು. ಸಂಸ್ಕೃತ ಕಲಿತು, ಪಂಡಿತರನ್ನು ಕೇಳಿ ತಿಳಿದು, ಸುಮಾರು 1030ರಲ್ಲಿ ಭಾರತದ ಬಗ್ಗೆ ಬೃಹತ್ ಗ್ರಂಥ ಬರೆದ ಅಲ್ ಬಿರೂನಿ, ತಾನು ವಾದಿಸಿ ಗೆಲ್ಲಲು ಬರೆಯುತ್ತಿಲ್ಲ, ಅವರು ಹೇಳುವುದನ್ನು ಅವರು ಹೇಳುವಂತೆಯೇ ಇಡುತ್ತೇನೆ ಎಂದು ಆರಂಭದಲ್ಲೇ ತಿಳಿಸಿದರು. ಬೌದ್ಧರ ವಿಷಯ ಬಂದಾಗ, ಅವರ ಗ್ರಂಥ ನನಗೆ ಸಿಕ್ಕಿಲ್ಲ, ವಿವರಿಸಿ ಹೇಳುವ ಬೌದ್ಧನೊಬ್ಬನೂ ಸಿಕ್ಕಿಲ್ಲ, ಆದ್ದರಿಂದ ಇನ್ನೊಬ್ಬ ಲೇಖಕನ ಮಾತನ್ನು ಆಧರಿಸಿ ಹೇಳುತ್ತಿದ್ದೇನೆ ಎಂದು ಒಪ್ಪಿಕೊಂಡರು. ಈ ಒಪ್ಪಿಗೆಯಲ್ಲಿರುವ ಪ್ರಾಮಾಣಿಕತೆ ಗಮನಾರ್ಹ. ಗ್ರಂಥವೂ ಬೇಕು, ಬದುಕಿರುವ ಮನುಷ್ಯನೂ ಬೇಕು, ಎರಡೂ ಇಲ್ಲದಿದ್ದರೆ ಇಲ್ಲ ಎನ್ನಬೇಕು. 14ನೇ ಶತಮಾನದ ಆರಂಭದಲ್ಲಿ ಇರಾನಿನ ರಶೀದುದ್ದೀನ್ ತಮ್ಮ ಜಗತ್ತಿನ ಇತಿಹಾಸದಲ್ಲಿ ಬುದ್ಧನ ಜೀವನವನ್ನು ಸೇರಿಸಿದಾಗ ಕಾಶ್ಮೀರದ ಕಮಲಶ್ರೀ ಎಂಬ ಬೌದ್ಧ ಭಿಕ್ಷುವಿನ ನೆರವು ಪಡೆದರು, ಮಾತ್ರವಲ್ಲ ಅವರ ಹೆಸರನ್ನೂ ಹೇಳಿದರು.

ಸಂಗತಿ ಮತ್ತು ತೀರ್ಪು

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹೊರಗಿನವರು ಮಾತಾಡಲೇಬಾರದೇ? ಮೂಲವನ್ನು ಹುಡುಕಲೇಬಾರದೇ? ಹಾಗೆಂದರೆ ಸಂಪ್ರದಾಯದ ಕಾವಲುಗಾರರಿಗೆ ಹೆದರಿ ಬಾಯಿ ಮುಚ್ಚಿದಂತಾಗುವುದಿಲ್ಲವೇ? ಬುದ್ಧನ ಸಂಘದಲ್ಲಿ ಜಾತಿಗೆ ಜಾಗವಿರಲಿಲ್ಲ. ಆದರೆ ಶ್ರೀಲಂಕಾದ ಸಿಯಾಮ್ ನಿಕಾಯ ಎಂಬ ಭಿಕ್ಷು ಪಂಗಡ ಗೋಯಿಗಮ ಎಂಬ ಮೇಲ್ಜಾತಿಯವರಿಗೆ ಮಾತ್ರ ದೀಕ್ಷೆ ಕೊಡುತ್ತ ಬಂದಿದೆ. ಮೂಲವನ್ನು ತೋರಿಸದೆ ಇದನ್ನು ಪ್ರಶ್ನಿಸುವುದು ಹೇಗೆ?

ಆಕ್ಷೇಪ ಸರಿಯಾದದ್ದೇ. ಮೂಲದ ಹುಡುಕಾಟ ಬಡವನ ಕೈಯ ಆಯುಧವೂ ಆಗಬಲ್ಲದು. ಅದಕ್ಕೆ ಡಾ. ಅಂಬೇಡ್ಕರರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವರು ಪಾಶ್ಚಾತ್ಯ ವಿದ್ವತ್ತನ್ನು ಅರೆದು ಕುಡಿದವರು. 1957ರಲ್ಲಿ, ಅವರ ನಿಧನದ ನಂತರ ಹೊರಬಂದ 'ಬುದ್ಧ ಮತ್ತು ಅವನ ಧಮ್ಮ' ಕೃತಿಯಲ್ಲಿ ಅವರು ಸಂಪ್ರದಾಯದ ಕಥೆಯನ್ನೂ ಪ್ರಶ್ನಿಸಿದರು. ಇಪ್ಪತ್ತೊಂಬತ್ತು ವರ್ಷದವರೆಗೆ ಸಿದ್ಧಾರ್ಥ ಒಬ್ಬ ಮುದುಕನನ್ನೂ ರೋಗಿಯನ್ನೂ ಶವವನ್ನೂ ಕಂಡಿರಲಿಲ್ಲ ಎಂಬುದು ನಂಬುವ ಮಾತಲ್ಲ ಎಂದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯ ಕೋಲಿಯರ ನಡುವೆ ಎದ್ದ ಜಗಳವೇ ಮನೆ ಬಿಡಲು ಕಾರಣ ಎಂದು ನಿರೂಪಿಸಿದರು. ಇದು ಅಂಬೇಡ್ಕರರ ಧಮ್ಮವೇ ಹೊರತು ಬುದ್ಧನದಲ್ಲ ಎಂದು ಗೊಣಗಿದ ಬೌದ್ಧರೂ ಇದ್ದರು.

ಆದರೂ ಸೆನಾರ್‌ರ ಸೂರ್ಯನಿಗೂ ಅಂಬೇಡ್ಕರರ ಬುದ್ಧನಿಗೂ ಒಂದು ವ್ಯತ್ಯಾಸವಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಂದಿಗೆ ಆ ಬುದ್ಧನಿಗೆ ಶರಣು ಹೋದರು. ತಮ್ಮ ಮಾತು ತಪ್ಪಾದರೆ ಅದರ ನಷ್ಟ ಹೊರುವವರು ತಾವು ಮತ್ತು ತಮ್ಮ ಜನ ಎಂಬುದು ಅವರಿಗೆ ಗೊತ್ತಿತ್ತು. ಬುದ್ಧ ಸೂರ್ಯನೋ ಮನುಷ್ಯನೋ ಎಂಬ ಜಗಳದಲ್ಲಿ ಪ್ಯಾರಿಸ್‌ನ ಯಾರೂ ಏನನ್ನೂ ಕಳೆದುಕೊಳ್ಳುವಂತಿರಲಿಲ್ಲ.

ಆದ್ದರಿಂದ ಒಳಗಿನವರು, ಹೊರಗಿನವರು ಎಂಬ ಗೆರೆ ನನಗೆ ಮುಖ್ಯವೆನಿಸುವುದಿಲ್ಲ. ಮುಖ್ಯವಾದದ್ದು ಸಂಗತಿಗೂ ತೀರ್ಪಿಗೂ ಇರುವ ಅಂತರ. ಪಿಯದಸಿ ಯಾರು, ಸ್ತೂಪ ಯಾವ ಶತಮಾನದ್ದು, ಒಂದು ಸೂತ್ರದ ಹಳೆಯ ಪಾಠ ಯಾವುದು ಇವು ಸಂಗತಿಗಳು. ಯಾರು ಬೇಕಾದರೂ ಹುಡುಕಲಿ. ಸತ್ಯಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ಆದರೆ ಯಾರು ನಿಜವಾದ ಬೌದ್ಧ, ಯಾರ ಭಕ್ತಿ ಅಸಲಿ, ಯಾರದ್ದು ನಕಲಿ ಎಂಬುದು ತೀರ್ಪು. ತೀರ್ಪು ಕೊಡುವವನು ಅದಕ್ಕೆ ಒಳಗಾಗುವವರ ಮುಂದೆ ನಿಂತು ಉತ್ತರ ಹೇಳಬೇಕಾಗುತ್ತದೆ. ಪಾಶ್ಚಾತ್ಯ ವಿದ್ವಾಂಸರು ಸಂಗತಿಗಳನ್ನು ಕೊಟ್ಟು ನಮ್ಮನ್ನು ಶ್ರೀಮಂತಗೊಳಿಸಿದರು. ಎಡವಿದ್ದು, ಸಂಗತಿಯ ಜೊತೆಗೇ ತೀರ್ಪನ್ನೂ ಕಟ್ಟಿ ಕೊಟ್ಟಾಗ.

ಈ ಅಂತರ ಹಳೆಯ ಕಾಲಕ್ಕೆ ಮುಗಿದ ವಿಷಯವಲ್ಲ. 1898ರಲ್ಲಿ ಪಿಪ್ರಾಹ್ವಾದ ಸ್ತೂಪದಲ್ಲಿ ಬುದ್ಧನದೆಂದು ನಂಬಲಾದ ಅಸ್ಥಿಯೊಂದಿಗೆ ರತ್ನಗಳೂ ಸಿಕ್ಕವು. ಅಸ್ಥಿಯನ್ನು ಸಿಯಾಮಿನ ರಾಜನಿಗೆ ಕೊಡಲಾಯಿತು, ರತ್ನಗಳಲ್ಲಿ ಒಂದು ಪಾಲು ಅಗೆದ ಪೆಪ್ಪೆ ಎಂಬ ಇಂಗ್ಲಿಷ್ ಎಸ್ಟೇಟ್ ಅಧಿಕಾರಿಯ ಕುಟುಂಬದಲ್ಲಿ ಉಳಿಯಿತು. 2025ರ ಮೇ ತಿಂಗಳಲ್ಲಿ ಅವು ಹಾಂಗ್‌ಕಾಂಗಿನಲ್ಲಿ ಹರಾಜಿಗೆ ಬಂದಾಗ ಬೌದ್ಧರೂ ಭಾರತ ಸರಕಾರವೂ ಪ್ರತಿಭಟಿಸಿದರು. ಹರಾಜು ನಿಂತಿತು, ಜುಲೈಯಲ್ಲಿ ಅವು ಭಾರತಕ್ಕೆ ಮರಳಿದವು. ಮಾರುವವರಿಗೆ ಅವು ಪ್ರಾಚೀನ ವಸ್ತುಗಳು. ಬೌದ್ಧರಿಗೆ, ಗುರುವಿನ ಅಸ್ಥಿಯ ಜೊತೆ ಯಾರೋ ಕಣ್ಣೀರಿಟ್ಟು ಇರಿಸಿದ ಕಾಣಿಕೆ.

ನಮ್ಮ ನಡುವೆಯೂ ಇಂದು ಇದೇ ನಡೆಯುತ್ತಿದೆ. ಮೊಬೈಲಿಗೆ ಬಂದ ಒಂದು ಶ್ಲೋಕವನ್ನೋ ಒಂದು ಸೂಕ್ತವನ್ನೋ ಹಿಡಿದು, "ನಿಮ್ಮ ಗ್ರಂಥದಲ್ಲಿ ಹೀಗಿದೆಯಂತಲ್ಲ?" ಎಂದು ನೆರೆಯವನನ್ನು ಕಟಕಟೆಗೆ ಹತ್ತಿಸುತ್ತೇವೆ. ಮೂವತ್ತು ವರ್ಷ ಬೇಲಿಯಾಚೆ ಬದುಕಿದ, ಕಷ್ಟಸುಖ ಹಂಚಿಕೊಂಡ ಮನುಷ್ಯನಿಗಿಂತ ಆ ಒಂದು ಸಾಲೇ ನಮಗೆ ಹೆಚ್ಚು ನಿಜವಾಗಿ ಕಾಣುತ್ತದೆ. ಗ್ರಂಥದ ಬಗ್ಗೆ ಅವನನ್ನು ಕೇಳುವುದು ತಪ್ಪಲ್ಲ. ಕೇಳಿದ ಮೇಲೆ ಅವನ ಉತ್ತರಕ್ಕಾಗಿ ಕಾಯಬೇಕು, ಅದೇ ಪ್ರಶ್ನೆ ತನಗೆ ಬಂದಾಗ ಅದೇ ಅಳತೆಗೋಲಿಗೆ ಒಪ್ಪಿಕೊಳ್ಳಬೇಕು. ಆಗ ಅದು ತಿಳಿಯಲು ಕೇಳಿದ ಪ್ರಶ್ನೆಯಾಗುತ್ತದೆ.

ಆ ದಿನ ಬೈಲಕುಪ್ಪೆಯಲ್ಲಿ ನಾವು ಹಾಗೆ ಮಾಡಲಿಲ್ಲ. ವೃದ್ಧೆ ಸುತ್ತು ಮುಗಿಸಿ ಮಂದಿರದ ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳಲು ಕುಳಿತಿದ್ದರು, ನಮ್ಮನ್ನು ನೋಡಿ ನಕ್ಕಿದ್ದರು. ಅಕ್ಕಪಕ್ಕದಲ್ಲಿ ಕನ್ನಡ ಬಲ್ಲ ಹುಡುಗರೂ ಇದ್ದರು, ಕೇಳಿದ್ದರೆ ಮಾತು ಮುಟ್ಟಿಸುತ್ತಿದ್ದರು. ಅವರ ಧರ್ಮ ಅಸಲಿಯಲ್ಲ ಎಂದು ತೀರ್ಮಾನಿಸಿ ಬಸ್ ಹಿಡಿದೆವು. ಅವರ ಹೆಸರನ್ನೂ ನಾವು ಕೇಳಿರಲಿಲ್ಲ.